ಭಾವನಿಗೆ ಸಂತೋಷವಾಗಲೆಂದು ನೋಡಿದ ಯುದ್ಧಸ್ಮಾರಕಗಳು

ಕಳೆದ ವಾರ ಕಡಬದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಒಂದು ಜೀಪು ನನ್ನ ಮೂಗಿನ ಬುಡದಲ್ಲೇ ಬಂದು ನಿಂತಿತು. ಹಿಂದುಗಡೆ ಕಂದುಬಣ್ಣದ ರಬ್ಬರ್ ಶೀಟುಗಳ ಅಟ್ಟಿ. ಹೊಗೆಯಲ್ಲಿ ಒಣಗಿಸಿದ ರಬ್ಬರಿನ ವಾಸನೆ ಗೊತ್ತಿಲ್ಲದವರಿಗೆ ಅದನ್ನು ವಿವರಿಸುವುದು ಕಷ್ಟ. ಹುಳಿ ಬಂದ ಮಜ್ಜಿಗೆಯನ್ನು ಹಳೆಯ ಚಪ್ಪಲಿಯಲ್ಲಿ ಹಾಕಿ ಕಾಯಿಸಿದರೆ ಸುಮಾರಾಗಿ ಹತ್ತಿರ ಬರಬಹುದು. ಅಲ್ಲಿದ್ದ ಯಾರೂ ಮೂಗು ಮುಚ್ಚಲಿಲ್ಲ. ಕಡಬದಲ್ಲಿ ಅದು ಗಾಳಿಯದೇ ಒಂದು ಭಾಗ. ನಾನು ಮಾತ್ರ ಅಲ್ಲಿದ್ದ ಕಟ್ಟೆಯ ಮೇಲೆ ಕೂತೆ. ನಾಲ್ಕು ವರ್ಷದ ಹಿಂದಿನ ಒಂದು ಬೇಸಿಗೆ ಆ ವಾಸನೆಯ ಜೊತೆಗೇ ಬಂದು ನನ್ನ ಪಕ್ಕದಲ್ಲಿ ಕೂತಿತು. ಪುತ್ತೂರು, ಸುಳ್ಯ, ಕಡಬ ಎಂಬ ಮೂರು ತಾಲೂಕುಗಳಿಗೆ ಹಂಚಿಹೋದ ನಮ್ಮ ಕುಟುಂಬವು ದೆಹಲಿ ಪ್ರವಾಸದಲ್ಲಿ ಯುದ್ಧಸ್ಮಾರಕ ನೋಡಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆಯ ಮೇಲೆ ಒಂದು ತಿಂಗಳಿಗೂ ಮೀರಿ ಹೋರಾಡಿದ ಬೇಸಿಗೆ ಅದು. ದೆಹಲಿಗೆ ಹೋಗಿ ಬಂದದ್ದು ಆಮೇಲಿನ ಮಾತು. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ, ಬಿಸಿಲಿತ್ತು.

ವರ್ಷಕ್ಕೊಮ್ಮೆ, ಮಕ್ಕಳ ಪರೀಕ್ಷೆ ಮುಗಿದು ಮಳೆ ಹಿಡಿಯುವುದರೊಳಗೆ, ಮೂರು ಮನೆಯವರು ಸೇರಿ ಪ್ರವಾಸ ಹೋಗುವುದು ನಮ್ಮ ಪದ್ಧತಿ. ಮೂರು ಮನೆ ಎಂದರೆ ಕಡಬದಲ್ಲಿ ನನ್ನ ಅಕ್ಕ ಸರೋಜ ಮತ್ತು ಭಾವ, ಪುತ್ತೂರಿನಲ್ಲಿ ಟೈಲ್ಸ್ ಅಂಗಡಿ ಇಟ್ಟ ತಮ್ಮ ಶಶಿಯ ಸಂಸಾರ, ಸುಳ್ಯದ ಹತ್ತಿರ ಅಜ್ಜಾವರದಲ್ಲಿ ನಾನು ಮತ್ತು ನನ್ನ ಹೆಂಡತಿ ಸುಮತಿ. ವಾಹನ, ಟಿಕೆಟ್ಟು ಶಶಿಯ ಇಲಾಖೆ. ತಿಂಡಿ ಹೆಂಗಸರ ಇಲಾಖೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಹಿಂದಿ ಕಲಿಸಿದವನಾದ್ದರಿಂದ ಉತ್ತರದ ಎಲ್ಲ ಮಾತುಕತೆ, ಮತ್ತು ಹೊರಡುವ ಮೊದಲಿನ ಕಾರ್ಯಕ್ರಮ ಪಟ್ಟಿ, ನನ್ನ ಇಲಾಖೆ. ನನ್ನ ಹಿಂದಿ ಸುಳ್ಯದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಹಿಂದಿ ಮಾತಾಡುವವರಿಗೆ ಮಾತ್ರ ಸ್ವಲ್ಪ ಕಷ್ಟ. ಉತ್ತರದಲ್ಲಿ ಹಲವು ವರ್ಷ ಇದ್ದ ಭಾವನಿಗೆ ನಿಜವಾದ ಹಿಂದಿ ಬರುತ್ತದೆ. ಆದರೆ ಮಾಷ್ಟ್ರಿಗೆ ಬೇಸರವಾಗಬಾರದೆಂದು, ನಾನು ಆಟೋದವನ ಹತ್ತಿರ ವ್ಯಾಕರಣಶುದ್ಧವಾಗಿ ದಾರಿ ಕೇಳುವುದನ್ನೂ ಅವನು ಮಿಕಿಮಿಕಿ ನೋಡುವುದನ್ನೂ ಅವರು ಪಕ್ಕದಲ್ಲಿ ನಿಂತು ಮೌನವಾಗಿ ಸಹಿಸುತ್ತಾರೆ. ನಮ್ಮ ಕುಟುಂಬದ ದಾಕ್ಷಿಣ್ಯ ಎಂದರೆ ಈ ಮಟ್ಟದ್ದು.

ಭಾವನನ್ನು ಊರಿನವರು ಮಿಲಿಟ್ರಿ ಗೋವಿಂದಣ್ಣ ಎಂದು ಕರೆಯುತ್ತಾರೆ. ಆಗಸ್ಟ್ ಹದಿನೈದು ಬಂತೆಂದರೆ ಎರಡು ಶಾಲೆಯವರು ಬಾವುಟ ಹಾರಿಸಲು ಕರೆಯುತ್ತಾರೆ. ನಿಜಸಂಗತಿ ಇಷ್ಟೇ: ಅವರು ಅಂಚೆ ಇಲಾಖೆಯ ಗುಮಾಸ್ತರು. ಅಂಚೆಯವರನ್ನು ಕೆಲವು ವರ್ಷಗಳ ಮಟ್ಟಿಗೆ ಸೈನ್ಯದ ಅಂಚೆ ಕಚೇರಿಗಳಿಗೆ ಎರವಲು ಕೊಡುವ ಕ್ರಮವಿದೆ. ಹಾಗೆ ಹೋದರು. ಅಲ್ಲಿ ಸಮವಸ್ತ್ರ ಕೊಟ್ಟರು. ಅದರೊಳಗೆ ಅದೇ ಗುಮಾಸ್ತರು. ಕಾರ್ಗಿಲ್ ಯುದ್ಧವಾದ ಬೇಸಿಗೆಯಲ್ಲಿ ಅವರು ಆ ಬೆಟ್ಟಗಳ ಈಚೆ ಎಲ್ಲೋ ಒಂದು ಡೇರೆಯಲ್ಲಿ ಕೂತು ಕಾಗದ ವಿಂಗಡಿಸುತ್ತಿದ್ದರು. ಆ ವರ್ಷಗಳಲ್ಲಿ ಅಕ್ಕ ಎರಡು ಸಣ್ಣ ಮಕ್ಕಳನ್ನೂ ಆಗಷ್ಟೇ ನೆಟ್ಟ ರಬ್ಬರ್ ಗಿಡಗಳನ್ನೂ ಒಬ್ಬಳೇ ಸಾಕಿದಳು. ಭಾವ ವಾಪಸು ಬಂದರು, ಪುತ್ತೂರಿನಲ್ಲಿ ಮತ್ತೆ ಅಂಚೆ ಚೀಟಿ ಮಾರಿದರು, ನಿವೃತ್ತರಾದರು. ಊರಿನವರ ಕಣ್ಣಿಗೆ ಸಮವಸ್ತ್ರವಷ್ಟೇ ಬಿದ್ದಿತ್ತು, ಅಂಚೆ ಬೀಳಲಿಲ್ಲ. ಅದನ್ನು ತಿದ್ದುವುದು ಭಾವನ ಸ್ವಭಾವದಲ್ಲಿಲ್ಲ; ತಿದ್ದಿದರೆ ಹೇಳಿದವರಿಗೆ ಬೇಸರವಾಗುತ್ತದಲ್ಲ.

ಯುದ್ಧಸ್ಮಾರಕ ನಮ್ಮ ಪ್ರವಾಸದೊಳಗೆ ನುಗ್ಗಿದ್ದು ಹೀಗೆ. ಬಹಳ ವರ್ಷಗಳ ಹಿಂದೆ ಒಂದು ಊರಿನಲ್ಲಿ ದಾರಿಯ ಬದಿ ಒಂದು ಸ್ಮಾರಕ ಕಂಡಿತು. ಶಶಿ ಗಾಡಿ ನಿಲ್ಲಿಸಿ, “ಇಳಿಯುವ, ಭಾವನಿಗೆ ಸಂತೋಷ ಆಗ್ತದೆ” ಎಂದ. ಇಳಿದೆವು. ಭಾವ ಸಂತೋಷವಾದವರ ಹಾಗೆಯೇ ಇದ್ದರು. ಮರುವರ್ಷ ಪಟ್ಟಿ ಬರೆಯುವಾಗ ನಾನು ಮರೆಯದೆ ಒಂದು ಸ್ಮಾರಕ ಹುಡುಕಿ ಹಾಕಿದೆ. ಅದರ ಮರುವರ್ಷವೂ. ಮೂರನೇ ವರ್ಷಕ್ಕೆ ಅದು ಸಂಪ್ರದಾಯವಾಯಿತು. ದೇವಸ್ಥಾನ ಬಿಟ್ಟರೂ ಬಿಡಬಹುದು, ಸ್ಮಾರಕ ಬಿಡುವಂತಿಲ್ಲ.

ನೋಡಲು ಅಲ್ಲಿ ಇರುವುದಾದರೂ ಏನು? ಹುಲ್ಲಿನ ಮೇಲೆ ನಡೆಯಬೇಡಿ ಎಂಬ ಹಲಗೆ. ಅದರಾಚೆ ಒಂದು ಟ್ಯಾಂಕು. ಟ್ಯಾಂಕಿನ ಮೇಲೆ ಹತ್ತಬೇಡಿ ಎಂಬ ಇನ್ನೊಂದು ಹಲಗೆ. ಕಂಬದ ಮೇಲೆ ಸಿಕ್ಕಿಕೊಂಡಂತಿರುವ ಒಂದು ವಿಮಾನ. ನೀರು ಇಲ್ಲ, ನೆರಳು ಇಲ್ಲ. ಯಾವಾಗಲೂ ಮಧ್ಯಾಹ್ನ ಎರಡು ಗಂಟೆ. ನಾವು ಭಾವನನ್ನು ಟ್ಯಾಂಕಿನ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದೆವು. ಪ್ರತಿ ಫೋಟೋದಲ್ಲೂ ಅವರು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರ ಹಾಗೆ ಕಾಣುತ್ತಾರೆ. ಹೆಸರು ಕೆತ್ತಿದ ಕಲ್ಲು ಇದ್ದಲ್ಲಿ ಮಾತ್ರ ಅವರು ತಾವಾಗಿಯೇ ಹೋಗಿ ನಿಲ್ಲುತ್ತಿದ್ದರು. ನಿಂತರೆ ಕದಲುತ್ತಿರಲಿಲ್ಲ. ನಾವು ದೂರದಲ್ಲಿ, ಕಾದ ಸಿಮೆಂಟಿನ ಮೇಲೆ ಕಾಲು ಬದಲಿಸುತ್ತ, ಗೌರವದಿಂದ ಕಾಯುತ್ತಿದ್ದೆವು. ಅಕ್ಕ ಮಾತ್ರ ಅವತ್ತು ಒಳ್ಳೆಯ ಸೀರೆ ಉಟ್ಟು ಬಂದಿರುತ್ತಿದ್ದಳು.

ಆ ವರ್ಷ ದೆಹಲಿ ಎಂದು ತೀರ್ಮಾನವಾಯಿತು. ಏಪ್ರಿಲ್ ತಿಂಗಳು. ಸುಳ್ಯದಲ್ಲಿ ಬೆಳಗ್ಗೆ ಒಂಬತ್ತಕ್ಕೇ ಅಂಗಿ ಬೆನ್ನಿಗೆ ಅಂಟುತ್ತಿತ್ತು. ಸಂಜೆ ಸಂಜೆ ಮೋಡ ಕಟ್ಟುವುದು, ಒಂದು ಗುಡುಗು ಹಾಕಿ ಮನಸ್ಸು ಬದಲಿಸುವುದು. ನಾನು ಫ್ಯಾನಿನ ಕೆಳಗೆ ಕಾಗದಕ್ಕೆ ಲೋಟ ಇಟ್ಟುಕೊಂಡು ಪಟ್ಟಿ ಬರೆಯಲು ಕೂತೆ. ಕಾರ್ಬನ್ ಹಾಕಿ ಮೂರು ಪ್ರತಿ, ತಾಲೂಕಿಗೊಂದು. ಮೊಬೈಲಿನಲ್ಲಿ ಕಳಿಸಿದರೆ ಸಾಕೆಂದು ಶಶಿ ಪ್ರತಿ ವರ್ಷ ಹೇಳುತ್ತಾನೆ. ಮೊಬೈಲಿನಲ್ಲಿ ಬಂದದ್ದನ್ನು ಯಾರೂ ಪಾಲಿಸುವುದಿಲ್ಲ ಎಂದು ನಾನೂ ಪ್ರತಿ ವರ್ಷ ಹೇಳುತ್ತೇನೆ. ದೆಹಲಿಯ ಎರಡನೇ ದಿನಕ್ಕೆ ದೊಡ್ಡ ಯುದ್ಧಸ್ಮಾರಕ ಎಂದು ಬರೆದೆ. ಗೋಡೆ ತುಂಬ ಸತ್ತವರ ಹೆಸರು ಬರೆದ ಜಾಗವಂತೆ. ಭಾವನಿಗೆ ಇದಕ್ಕಿಂತ ಸಂತೋಷ ಬೇರೆ ಉಂಟೇ ಎಂದುಕೊಂಡೆ.

ಪ್ರತಿಗಳು ಮುಟ್ಟಿದ ಮರುದಿನದಿಂದ ಗುಪ್ತ ಅಹವಾಲುಗಳು ಶುರುವಾದವು. ಮೊದಲನೆಯದು ನನ್ನ ಅಡುಗೆಮನೆಯಿಂದಲೇ ಬಂತು. “ಅದೊಂದನ್ನು ಬಿಡ್ಲಿಕ್ಕೆ ಆಗುದಿಲ್ವ? ನನ್ನ ಕಾಲಿನ ಗಂಟು ಈಗಲೇ ನೋವು. ಅಲ್ಲಿ ಎಷ್ಟು ನಡಿಲಿಕ್ಕೆ ಉಂಟೋ ಎಂತದೋ. ಭಾವನವರಿಗೆ ನಾನು ಹೇಳಿದ್ದು ಅಂತ ಹೇಳ್ಬೇಡಿ ಮತ್ತೆ” ಎಂದಳು ಸುಮತಿ. ಶಶಿ ಅಂಗಡಿಯಿಂದ ಫೋನು ಮಾಡಿ, ಹಿಂದೆ ಟೈಲ್ಸ್ ಕತ್ತರಿಸುವ ಸದ್ದಿನ ನಡುವೆ ಕೂಗಿದ: “ಅಣ್ಣ, ನನಗೆಂತ ಇಲ್ಲ, ಮಕ್ಕಳಿಗೆ ಬೋರ್ ಆಗ್ತದೆ ಅಂತ. ಆದರೆ ಭಾವನಿಗೆ ಗೊತ್ತಾಗುದು ಬೇಡ ಮಾರಾಯ.” ಅವನ ಮಗಳು ಅನುಷ ಪಿಯುಸಿ ಮುಗಿಸಿದವಳು, ನೇರ ಮಾತಿನ ಹುಡುಗಿ. “ದೊಡ್ಡಪ್ಪ, ವರ್ಷಕ್ಕೆ ಒಂದು ರಜೆ. ಅದರಲ್ಲಿ ಸತ್ತವರನ್ನು ನೋಡ್ಲಿಕ್ಕೆ ಯಾಕೆ ಹೋಗುದು? ಅವರಿಗಾದರೂ ನಾವು ಹೀಗೆ ಐಸ್‌ಕ್ರೀಮ್ ಹಿಡ್ಕೊಂಡು ಬರುದು ಇಷ್ಟ ಆಗ್ತದಾ?” ಎಂದು ಕೇಳಿದಳು. ನಾನು ಗಂಭೀರವಾಗಿ, ರಾಷ್ಟ್ರಕ್ಕಾಗಿ ಪ್ರಾಣ ಕೊಟ್ಟವರ ವಿಷಯದಲ್ಲಿ ಎಂದು ಶುರು ಮಾಡಿದೆ. ವಾಕ್ಯ ಮುಗಿಸಲು ನನಗೇ ಆಯಾಸವಾಯಿತು. ಅವಳು ಕೇಳಿದ್ದು ನಾನು ನಾಲ್ಕು ಪ್ರವಾಸಗಳಿಂದ ಮನಸ್ಸಿನಲ್ಲಿಟ್ಟುಕೊಂಡದ್ದನ್ನೇ.

ಭಾವನ ಮನಸ್ಸು ತಿಳಿದು ಬರೋಣವೆಂದು ಬೆಳ್ಳಾರೆ, ಪಂಜದ ದಾರಿಯ ಬಸ್ಸು ಹತ್ತಿ ಕಡಬಕ್ಕೆ ಹೋದೆ. ನಯವಾಗಿ ವಿಷಯ ಎತ್ತುವುದು, ಅವರಿಗೆ ನೋವಾಗದಂತೆ ಸ್ಮಾರಕವನ್ನು ಹತ್ತು ನಿಮಿಷಕ್ಕೆ ಇಳಿಸಿಕೊಳ್ಳುವುದು, ಇದು ನನ್ನ ಯೋಜನೆ. ಅಕ್ಕ ಯಾರದೋ ಮನೆಯ ಪೂಜೆಗೆ ಹೋಗಿದ್ದಳು. ಭಾವ ರಬ್ಬರಿನ ಹೊಗೆಗೂಡಿನ ಬಾಗಿಲಲ್ಲಿ ಕಾಲುಮಣೆ ಹಾಕಿಕೊಂಡು, ಒಣಗಿದ ಶೀಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಒಳ್ಳೆಯದು ಈ ಕಡೆಗೆ, ಕಪ್ಪಾದದ್ದು ಆ ಕಡೆಗೆ ಹಾಕುತ್ತಿದ್ದರು. ಆ ಕೈಯ ವೇಗ ರಬ್ಬರಿನವರದ್ದಲ್ಲ. ನಲವತ್ತು ವರ್ಷ ಕಾಗದ ವಿಂಗಡಿಸಿದ ಕೈ.

“ಕೂತುಕೊಳ್ಳಿ ಮಾಷ್ಟ್ರೆ. ವಾಸನೆ ಉಂಟು, ಎಂತ ಮಾಡ್ಲಿಕ್ಕಾಗುದಿಲ್ಲ. ಪಟ್ಟಿ ನೋಡಿದೆ. ಅದೊಂದು ಇರ್ಲೇಬೇಕಾ?”

“ಯಾವುದು ಭಾವ?”

“ಆ ಸ್ಮಾರಕ.”

“ನಿಮಗೆ ಬೇಕಲ್ವ ಅಂತ ಹಾಕಿದ್ದು.”

ಅವರ ಕೈ ನಿಂತಿತು. “ನನಗಾ? ನಿಮಗೆಲ್ಲ ಅಷ್ಟು ಬೇಕು ಅಂತಲ್ವ ಮಾರಾಯ್ರೆ ನಾನು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಬಂದದ್ದು!”

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಆರೋ ಏಳೋ ಟ್ಯಾಂಕುಗಳು, ಮೂರು ವಿಮಾನಗಳು, ಒಂದು ಹಡಗಿನ ಲಂಗರು, ಅಷ್ಟೂ ಮಧ್ಯಾಹ್ನಗಳು ನಮ್ಮಿಬ್ಬರ ನಡುವೆ ಮೆಲ್ಲಗೆ ಹಾದುಹೋದವು. ಒಂದು ಕುಟುಂಬ ಒಬ್ಬ ಮನುಷ್ಯನಿಗೋಸ್ಕರ, ಆ ಮನುಷ್ಯ ಆ ಕುಟುಂಬಕ್ಕೋಸ್ಕರ, ಯಾರಿಗೂ ಬೇಡದ ಒಂದು ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಮಾಡಿದ ಉದಾಹರಣೆ ಬೇರೆ ಕಡೆ ಇರಲಾರದು. ನನಗೆ ನಗು ಬಂತು. ಭಾವನೂ ನಗುತ್ತಾರೆಂದುಕೊಂಡೆ. ಅವರು ನಗಲಿಲ್ಲ.

“ಟ್ಯಾಂಕು, ವಿಮಾನ ಆದರೆ ತೊಂದರೆ ಇಲ್ಲ. ನೋಡಿ ಬರ್ಬಹುದು. ಹೆಸರು ಇದ್ದರೆ ಕಷ್ಟ ಆಗುದು. ದೆಹಲಿದ್ದರಲ್ಲಿ ಎಲ್ಲ ಹೆಸರು ಉಂಟಂತೆ ಅಲ್ವ?”

“ಗುರ್ತದವರು ಯಾರಾದರೂ ಇದ್ದಾರಾ ಭಾವ?”

“ಒಬ್ಬನ ಮುಖವೂ ನೋಡಿದವನಲ್ಲ ನಾನು. ಅಂಚೆಯವನಿಗೆ ಮುಖ ಎಂತಕೆ?” ಅವರು ಮತ್ತೆ ಒಂದು ಶೀಟು ಎತ್ತಿಕೊಂಡರು. “ಆ ಬೇಸಿಗೆಯಲ್ಲಿ ಕಾಗದಗಳು ಮೇಲೆ ಹೋಗುದು, ಕೆಲವು ಕಟ್ಟು ಕಟ್ಟಾಗಿ ವಾಪಸ್ ಬರುದು. ಯಾರಿಗೆ ಬರೆದದ್ದೋ ಅವನು ಇಲ್ಲ ಅಂತ. ನಮ್ಮ ಕೆಲಸ, ತಿರುಗಿಸಿ ಹಿಂದೆ ಇದ್ದ ವಿಳಾಸ ನೋಡುದು, ವಾಪಸ್ ಅಂತ ಮೊಹರು ಹಾಕುದು, ಊರಿಗೆ ಕಳಿಸುದು. ಮುಂದೆ ಅವನ ಹೆಸರು, ಹಿಂದೆ ಅವನ ಊರು. ಈಗ ಕಲ್ಲಿನಲ್ಲಿ ಹೆಸರು ಓದಿದ ಕೂಡ್ಲೆ ನನಗೆ ಹಿಂದಿನ ಬದಿ ಕಾಣ್ತದೆ. ಹಳ್ಳಿ, ಜಿಲ್ಲೆ, ಪಿನ್ ಕೋಡ್ ಸಮೇತ. ಕೆಲವರದ್ದು ಮಕ್ಕಳ ಅಕ್ಷರ. ನಾನು ನಿಂತದ್ದನ್ನು ನೀವು ನಮಸ್ಕಾರ ಅಂತ ತಿಳ್ಕೊಂಡ್ರಿ. ನಾನು ಅಲ್ಲಿ ವಿಂಗಡಿಸ್ತಾ ಇದ್ದದ್ದು.”

ಅವರು ಇನ್ನೊಂದು ಶೀಟು ಬೆಳಕಿಗೆ ಹಿಡಿದರು.

“ಅಂಚೆ ಕಚೇರಿಯಲ್ಲಿ ಮೊಹರು ಹೊಡಿಯುದು ನೋಡಿದ್ದೀರಲ್ಲ, ಧಡ್ ಧಡ್ ಅಂತ. ಆ ಕಾಗದಗಳಿಗೆ ಮಾತ್ರ ಹಾಗೆ ಹೊಡಿಲಿಕ್ಕೆ ಕೈ ಬರ್ತಿರ್ಲಿಲ್ಲ. ಮೆಲ್ಲ ಒತ್ತುತ್ತಿದ್ದೆ.” ಶೀಟನ್ನು ಕಪ್ಪಾದದ್ದರ ಕಡೆಗೆ ಹಾಕಿ ಹೇಳಿದರು: “ಸರೋಜನಿಗೆ ಹೇಳುದು ಬೇಡ. ಅವಳಿಗೆ ಅಲ್ಲಿಗೆ ಹೋಗುದೆಂದರೆ ಮದುವೆಮನೆಗೆ ಹೋದ ಹಾಗೆ. ನನ್ನ ದೆಸೆಯಿಂದ ಅವಳಿಗೆ ಸಿಕ್ಕಿದ ಸುಖ ಬೇರೆ ಎಂತ ಉಂಟು? ನಾನು ಬೇಡ ಅಂದರೆ ಕಾರಣ ಹೇಳ್ಬೇಕು. ನೀವೇ ಏನಾದರೂ ನೆಪ ಹಾಕಿ ತೆಗೆದುಬಿಡಿ. ತಪ್ಪು ನಿಮ್ಮ ತಲೆಗೆ ಬರ್ಲಿ.”

“ಆಯ್ತು ಭಾವ” ಎಂದೆ. ಮೂವತ್ತು ವರ್ಷ ಮಾಷ್ಟ್ರಾಗಿದ್ದವನಿಗೆ ತಲೆಯ ಮೇಲೆ ತಪ್ಪು ಬರುವುದು ಹೊಸತಲ್ಲ. ಸುಳ್ಳು ಹೇಳುವ ಅಭ್ಯಾಸ ಮಾತ್ರ ಸಾಲದು ಎಂದು ಆಗ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಪುತ್ತೂರಿನಲ್ಲಿ, ಶಶಿಯ ಮನೆಯಲ್ಲಿ, ಅಂತಿಮ ಸಭೆ ಸೇರಿತು. ಹಲಸಿನಕಾಯಿ ಹುಳಿ, ಹಪ್ಪಳ, ಪಾಯಸ ಎಲ್ಲ ಆಗಿ, ಎಲ್ಲರೂ ನೆಲದ ತಂಪಿಗೆ ಅಂಟಿಕೊಂಡು ಕೂತಿದ್ದರು. ನಾನು ಗಂಟಲು ಸರಿಪಡಿಸಿಕೊಂಡು, ಸರಕಾರಿ ಪ್ರಕಟಣೆ ಓದುವವನ ದನಿಯಲ್ಲಿ, ದೆಹಲಿಯ ಯುದ್ಧಸ್ಮಾರಕವು ದುರಸ್ತಿಯ ನಿಮಿತ್ತ ಮೇ ತಿಂಗಳಿಡೀ ಮುಚ್ಚಿರುವುದರಿಂದ ಆ ಕಾರ್ಯಕ್ರಮವನ್ನು ವಿಷಾದಪೂರ್ವಕವಾಗಿ ಕೈಬಿಡಲಾಗಿದೆ ಎಂದೆ. ಸುಮತಿ ವಿಷಾದದಿಂದ ತಲೆ ತಗ್ಗಿಸಿದಳು. ಶಶಿ ವಿಷಾದದಿಂದ ಇನ್ನೊಂದು ಹಪ್ಪಳ ಮುರಿದ. ಭಾವ ಕಿಟಕಿಯ ಹೊರಗೆ ನೋಡುತ್ತಿದ್ದರು.

“ಅಯ್ಯೋ ಇಲ್ಲ ದೊಡ್ಡಪ್ಪ, ಓಪನ್ ಉಂಟು” ಎಂದಳು ಅನುಷ, ಮೊಬೈಲಿನಿಂದ ತಲೆಯೆತ್ತದೆ. ಸಹಾಯ ಮಾಡುವ ಉತ್ಸಾಹ. “ಎಲ್ಲ ದಿವಸವೂ ಉಂಟು. ನೋಡಿ, ನಿನ್ನೆ ಹೋದವರು ಫೋಟೋ ಹಾಕಿದ್ದಾರೆ.”

ನಾನು ಕನ್ನಡಕ ಹಾಕಿಕೊಂಡು ಆ ಫೋಟೋವನ್ನು ಬಹಳ ಹೊತ್ತು ಪರೀಕ್ಷಿಸಿದೆ. ದುರಸ್ತಿಯ ಯಾವ ಲಕ್ಷಣವೂ ಸಿಗಲಿಲ್ಲ.

ಅಕ್ಕ ಎಲೆಅಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. “ನೀನು ಸುಳ್ಳು ಹೇಳುದು ಯಾವಾಗಿಂದ ಕಲ್ತದ್ದು?”

“ಸುಳ್ಳಲ್ಲ ಅಕ್ಕ, ಯಾರೋ ಹೇಳಿದ್ದು.”

“ಯಾರು?”

ಹೆಸರು ಬೇಕಾದಾಗ ಒಂದೂ ಹೊಳೆಯುವುದಿಲ್ಲ. ಅಕ್ಕ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು; ಎಲ್ಲರ ಮುಖದ ಮೇಲಿನ ನೆಮ್ಮದಿಯೂ ಇನ್ನೂ ಅಳಿಸಿ ಹೋಗಿರಲಿಲ್ಲ. ಅವಳಿಗೆ ಬೇಕಾದ್ದು ಅಲ್ಲಿ ಸಿಕ್ಕಿತು. “ಎಲ್ಲರೂ ಸೇರಿ ಮಾಡಿದ್ದು ಇದು. ಇವರು ಬಂದೂಕು ಹಿಡಿದವರಲ್ಲ, ಪೋಸ್ಟು ಆಪೀಸಿನವರು, ಇವರಿಗೆ ಎಂತದಕ್ಕೆ ಸ್ಮಾರಕ ಅಂತ ಅಲ್ವ ನಿಮ್ಮ ಲೆಕ್ಕ? ಬಾಯಲ್ಲಿ ಮಿಲಿಟ್ರಿ ಭಾವ, ಮಿಲಿಟ್ರಿ ಭಾವ. ಒಂದು ದಿವಸ ಒಂದು ಗಂಟೆ ಬಿಸಿಲಲ್ಲಿ ನಿಲ್ಲುದು ಅಂದ ಕೂಡ್ಲೆ ಎಲ್ಲ ಹೊರಗೆ ಬಂತು. ನೀವು ಹೋಗಿ. ನಾನು ಬರುದಿಲ್ಲ.”

“ಸರೋಜ” ಎಂದರು ಭಾವ. ಅಷ್ಟೇ. ಮುಂದೆ ಏನೋ ಇತ್ತು, ಬರಲಿಲ್ಲ. ನಾನು ಅವರನ್ನು ನೋಡಿದೆ. ಅವರು ನನ್ನನ್ನು ನೋಡಿದರು. ಕೊಟ್ಟ ಮಾತು ಕೊಟ್ಟದ್ದೇ. ಐದು ಗಂಟೆಯ ಬಸ್ಸಿಗೆ ಅವರಿಬ್ಬರೂ ಕಡಬಕ್ಕೆ ಹೊರಟುಹೋದರು. ಶಶಿಯ ಹೆಂಡತಿ ಕಟ್ಟಿಕೊಟ್ಟ ಪಾಯಸದ ಡಬ್ಬ ಮೇಜಿನ ಮೇಲೆಯೇ ಉಳಿಯಿತು.

ಆಮೇಲಿನ ಮೂರು ವಾರ ನನ್ನ ಆಯುಷ್ಯದಲ್ಲಿ ಅತಿ ಉದ್ದವಾದವು. ಸೆಕೆ ಏರಿತು. ಮನೆಯವರ ಮೊಬೈಲ್ ಗುಂಪಿನಲ್ಲಿ ಶುಭೋದಯಗಳು ನಿಂತವು. ಬೇಸಿಗೆಯಲ್ಲಿ ಅಕ್ಕನ ಮನೆಯಿಂದ ಪ್ರತಿ ವರ್ಷ ಬರುವ ಮಾಂಬಳ ಬ‌ರಲಿಲ್ಲ. ಮಾವಿನ ಹಣ್ಣಿನ ರಸ ಚಾಪೆಯ ಮೇಲೆ ಎರೆದು ಒಣಗಿಸಿದ ಅದರ ಸುರುಳಿಗೆ ನಮ್ಮ ಮನೆಯಲ್ಲಿ ಬೇರೆ ಡಬ್ಬವೇ ಇದೆ. ಸುಮತಿ ಆ ಡಬ್ಬವನ್ನು ತೊಳೆದು ಮತ್ತೆ ಮತ್ತೆ ಬಿಸಿಲಿಗಿಡುತ್ತಿದ್ದಳು, ನನಗೆ ಕಾಣುವ ಹಾಗೆ. ಶಶಿ ದಿನಕ್ಕೊಮ್ಮೆ ಫೋನು ಮಾಡಿ, “ಎಂತ ಮಾಡುದು ಅಣ್ಣ, ಟಿಕೆಟ್ಟು ಉಂಟಲ್ಲ” ಎನ್ನುವನು. ನಾನು, “ನೋಡುವ” ಎನ್ನುವೆ. ನೋಡುವುದಕ್ಕೆ ಏನೂ ಇರಲಿಲ್ಲ. ಅಕ್ಕನಿಗೆ ಫೋನು ಮಾಡಿದರೆ ಭಾವ ಎತ್ತಿಕೊಂಡು, “ಅವಳು ಒಳಗಿದ್ದಾಳೆ” ಎಂದು ಮೆಲ್ಲ ಹೇಳಿ ಇಡುವರು. ನಾನು ಪಟ್ಟಿಯನ್ನು ಮತ್ತೆ ಬರೆದೆ, ಸ್ಮಾರಕವನ್ನು ಸೇರಿಸಿ. ಮತ್ತೊಮ್ಮೆ ಬರೆದೆ, ತೆಗೆದು. ಹಾಕಿದರೆ ಭಾವನಿಗೆ ನೋವು, ತೆಗೆದರೆ ಅಕ್ಕನಿಗೆ. ಎಲ್ಲರಿಗೂ ಬೇಡವಾದದ್ದೇ ತಪ್ಪಿದರೂ ಒಬ್ಬರಿಗೂ ಸುಖವಿಲ್ಲ.

ಹೊರಡಲು ಎಂಟು ದಿನ ಇರುವಾಗ ನಾನೂ ಸುಮತಿಯೂ ಕಡಬಕ್ಕೆ ಹೋದೆವು. ಕ್ಷಮೆ ಕೇಳುವುದು, ಎಷ್ಟು ಬೈದರೂ ಕೇಳಿಸಿಕೊಳ್ಳುವುದು ಎಂದು ಬಸ್ಸಿನಲ್ಲೇ ತೀರ್ಮಾನವಾಗಿತ್ತು. ಹಿಂದಿನ ದಿನ ಒಂದು ಮಳೆ ಬಿದ್ದು ದಾರಿಯ ಧೂಳು ಕೂತಿತ್ತು. ಅಕ್ಕ ಚಹಾ ಕೊಟ್ಟಳು. ಚಹಾದೊಟ್ಟಿಗೆ ಏನೂ ಕೊಡಲಿಲ್ಲ. ಆ ಮನೆಯಲ್ಲಿ ಇದು ಯುದ್ಧಘೋಷಣೆಗೆ ಸಮ.

“ಅತ್ತಿಗೆ, ಕೋಪ ಬಿಡಿ. ಸ್ಮಾರಕಕ್ಕೆ ಹೋಗುವ. ನನ್ನ ಗಂಟು ಎಲ್ಲಿಗಾದರೂ ಬರ್ತದೆ” ಎಂದಳು ಸುಮತಿ.

“ನನಗೋಸ್ಕರ ಯಾರೂ ಕುಂಟುದು ಬೇಡ.”

“ಪಟ್ಟಿಯಲ್ಲಿ ಹಾಕಿದ್ದೇನೆ ಅಕ್ಕ” ಎಂದು ನಾನು ಕಿಸೆಯಿಂದ ಕಾಗದ ತೆಗೆದೆ.

“ಹಾಕು, ತೆಗಿ, ಹಾಕು. ನಿನ್ನ ಹಿಂದಿ ಪಾಠವಾ ಇದು?”

ಭಾವ ಹೊಗೆಗೂಡಿನಿಂದ ಬಂದು ಮೆಟ್ಟಿಲಿನ ಕೆಳಗೆ ನಿಂತಿದ್ದರು. ಕೈ ಇನ್ನೂ ತೊಳೆದಿರಲಿಲ್ಲ. “ಮಾಷ್ಟ್ರನ್ನು ಬೈಬೇಡ. ಬೇಡ ಅಂದದ್ದು ನಾನು” ಎಂದರು.

ಅಕ್ಕ ಅವರನ್ನು ನೋಡಿದಳು. ಅವರು ಕೆಳಗಿನ ಮೆಟ್ಟಿಲ ಮೇಲೆ, ನಮಗೆ ಬೆನ್ನು ಹಾಕಿ ಕೂತರು. ಹೊಗೆಗೂಡಿನಲ್ಲಿ ನನಗೆ ಹೇಳಿದ್ದನ್ನೇ ಹೇಳಿದರು, ಇನ್ನೂ ಕಡಿಮೆ ಮಾತಿನಲ್ಲಿ. ಅವತ್ತು ನನಗೆ ಹೇಳದ ಒಂದು ಸಂಗತಿಯನ್ನೂ ಹೇಳಿದರು. ಸತ್ತ ಸುದ್ದಿ ಊರಿಗೆ ತಂತಿಯಲ್ಲಿ ಹೋಗುತ್ತಿತ್ತು. ಕಾಗದ ಸಾಮಾನ್ಯ ಅಂಚೆಯಲ್ಲಿ. ತಂತಿಯೇ ಮೊದಲು ಮುಟ್ಟಬೇಕು. ಆದರೂ ಹಳ್ಳಿಗಳಲ್ಲಿ ತಂತಿ ಯಾವಾಗ ಮುಟ್ಟುತ್ತದೆಂದು ಯಾರು ಬಲ್ಲರು? ಅದಕ್ಕೆ ಅವರು ಆ ಕಾಗದಗಳನ್ನು ಒಂದೆರಡು ದಿನ ತಡೆದಿಟ್ಟು ಕಳಿಸುತ್ತಿದ್ದರು.

“ಒಂದು ದಿವಸ ಜ್ವರ ಬಂದು ಮಲಗಿದ್ದೆ. ಎದ್ದು ಬಂದಾಗ ರಾಶಿ ಬಿದ್ದಿತ್ತು. ಎಲ್ಲ ಒಟ್ಟಿಗೆ ಚೀಲಕ್ಕೆ ಹಾಕಿ ಕಳಿಸಿದೆ. ಕಳಿಸಿದ ಮೇಲೆ ಗೊತ್ತಾಯ್ತು, ಅದರಲ್ಲಿ ಒಂದು ಅದೇ ದಿನ ಮೇಲಿನಿಂದ ವಾಪಸ್ ಬಂದದ್ದು, ತಡೆದಿಡಬೇಕಾದದ್ದು. ಸುದ್ದಿ ಹೋಗಿತ್ತೋ ಇಲ್ವೋ. ತಂತಿ ಮೊದಲು ಮುಟ್ಟಿತೋ, ಅವರದ್ದೇ ಕಾಗದ ಅವರಿಗೆ ಮೊದಲು ಮುಟ್ಟಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ವಿಳಾಸ ಗೊತ್ತುಂಟು. ಬರೆದು ಕೇಳ್ಬಹುದಿತ್ತು. ಏನು ಅಂತ ಕೇಳುದು? ಆ ಹೆಸರು ಆ ಗೋಡೆಯಲ್ಲಿ ಇದ್ದೇ ಇರ್ತದೆ ಸರೋಜ. ನಾನು ಹುಡುಕದೆ ಬರುವವನಲ್ಲ.”

ಚಹಾದ ಲೋಟ ಕೆಳಗಿಡಲೂ ನನಗೆ ಧೈರ್ಯ ಬರಲಿಲ್ಲ. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

“ಇಷ್ಟು ವರ್ಷ ಹೇಳ್ಲಿಲ್ಲ ನೀವು.”

“ನಿನಗೆ ಅಲ್ಲಿಗೆ ಹೋಗುದು ಅಷ್ಟು ಇಷ್ಟ.”

“ನನಗೆ ಟ್ಯಾಂಕು ಇಷ್ಟವಾ? ಎಂತ ಮಾತಾಡ್ತೀರಿ?” ಅವಳ ದನಿಯಲ್ಲಿ ಕೋಪ ಇರಲಿಲ್ಲ, ಸುಸ್ತಿತ್ತು. ನನ್ನ ಕಡೆ ತಿರುಗಿದಳು. “ಮೊದಲ ಸಲ ಹೋದಾಗ, ನೀವೆಲ್ಲ ಆಚೆ ಇದ್ರಿ, ಗೇಟಿನ ಕಾವಲಿನವನೊಬ್ಬ ಇದ್ದ. ವಯಸ್ಸಾದವ, ಕನ್ನಡ ಬರ್ತಿತ್ತು. ಇವರು ಯುದ್ಧದ ಸಮಯ ಅಲ್ಲಿದ್ದವರು ಅಂತ ಹೇಳಿದೆ. ಅವ ಇವರ ಬಗ್ಗೆ ಎಂತ ಕೇಳ್ಲಿಲ್ಲ. ‘ಅಮ್ಮ, ಇವರು ಅಲ್ಲಿರುವಾಗ ನೀವು ಊರಲ್ಲಿ ಹೇಗಿದ್ರಿ’ ಅಂತ ಕೇಳಿದ.”

“ನೀನೆಂತ ಹೇಳಿದಿ?” ಎಂದೆ.

“ಹೇಳ್ಲಿಕ್ಕೆ ಬಾಯಿ ತೆರೆದೆ. ನೀನು ಫೋಟೋಕ್ಕೆ ಬಾ ಅಂತ ಕರೆದೆ.” ಸುತ್ತಿಕೊಂಡ ಸೆರಗನ್ನು ಬೆರಳಿನಿಂದ ಬಿಡಿಸುತ್ತ ಹೇಳಿದಳು: “ಅದಕ್ಕಿಂತ ಮುಂಚೆ ಯಾರೂ ಕೇಳಿರ್ಲಿಲ್ಲ, ಮತ್ತೆಯೂ ಕೇಳ್ಲಿಲ್ಲ. ನೀವು ಯಾರೂ ಕೇಳಿದ್ದಿಲ್ಲ. ಇನ್ನೊಂದು ಸಲ ಹೋದರೆ ಯಾರಾದರೂ ಕೇಳ್ತಾರೋ ಎಂತದೋ ಅಂತ. ಅಷ್ಟೇ. ನಾಚಿಕೆಯಾಗ್ತದೆ ಈಗ ಹೇಳ್ಲಿಕ್ಕೆ.”

ಭಾವ ನಿಧಾನವಾಗಿ ತಿರುಗಿದರು. “ಕಾಗದದಲ್ಲಿ ಪ್ರತಿ ಸಲ ‘ಇಲ್ಲಿ ಎಲ್ಲರೂ ಕ್ಷೇಮ’ ಅಂತ ಬರೀತಿದ್ದಿಯಲ್ಲ ನೀನು.”

“ನೀವೆಂತ ಬರೀತಿದ್ದದ್ದು?”

“ಅದನ್ನೇ.”

ಅಕ್ಕ ಕೈ ಚಾಚಿದಳು. ನಾನು ಪಟ್ಟಿ ಕೊಟ್ಟೆ, ಪೆನ್ನೂ ಕೊಟ್ಟೆ. ಅವಳು ಕಾಗದವನ್ನು ಮಂಡಿಯ ಮೇಲಿಟ್ಟುಕೊಂಡು ಎರಡನೇ ದಿನದ ಆ ಸಾಲನ್ನು ಹುಡುಕಿ, ಅಡ್ಡಕ್ಕೆ ಒಂದು ಗೆರೆ ಎಳೆದಳು. ಸಾಕಾಗಲಿಲ್ಲವೆಂಬಂತೆ ಇನ್ನೊಂದು. ನನಗೆ ವಾಪಸು ಕೊಟ್ಟಳು. “ಅಲ್ಲಿ ಎಂತಾದರೂ ತಿನ್ಲಿಕ್ಕೆ ಹೋಗುದು ಅಂತ ಬರಿ” ಎಂದಳು.

ಭಾವ ಎದ್ದು ಹೋಗಿ ನಲ್ಲಿಯಲ್ಲಿ ಕೈ ತೊಳೆದುಕೊಂಡು ಬಂದರು. ಸಾಬೂನು ಹಾಕಿ, ಉಗುರಿನ ಸಂದೆಲ್ಲ ಉಜ್ಜಿ, ಬಹಳ ಹೊತ್ತು ತೊಳೆದರು. ಬಂದು ಈ ಸಲ ಮೇಲಿನ ಮೆಟ್ಟಿಲ ಮೇಲೆ, ಅಕ್ಕನ ಕುರ್ಚಿಯ ಪಕ್ಕ ಕೂತರು.

“ಹೇಳು. ಹೇಗಿದ್ದಿ ಆಗ?”

“ಈಗ ಎಂತಕೆ ಅದೆಲ್ಲ? ಚಹಾ ತಣಿಯಿತು, ಬೇರೆ ಇಡ್ತೇನೆ.”

“ಇರ್ಲಿ. ಹೇಳು.”

ಅಕ್ಕ ಎದ್ದವಳು ಮತ್ತೆ ಕೂತಳು. ಅಂಗಳದಾಚೆಯ ಗೇಟಿನ ಕಡೆ ನೋಡಿದಳು. “ಆ ವರ್ಷ ಮಳೆ ಬೇಗ ಹಿಡಿದಿತ್ತು. ಹನ್ನೊಂದು ಗಂಟೆಗೆ ಪೋಸ್ಟ್‌ಮ್ಯಾನ್ ಕೊಡೆ ಹಿಡ್ಕೊಂಡು ಆ ಗೇಟಿನ ಹತ್ರ ಬರುದು. ಎಲ್ಲರೂ ಅವನ ಮುಖ ನೋಡುದು, ನಗಾಡ್ತಾನಾ ಇಲ್ವಾ ಅಂತ. ನಾನು ಪೋಸ್ಟಿನವರ ಹೆಂಡತಿ, ನನಗೆ ಗೊತ್ತುಂಟಲ್ಲ. ನಾನು ಮುಖ ನೋಡುದೇ ಇಲ್ಲ. ಕೈ ನೋಡುದು. ಕೈಯಲ್ಲಿದ್ದ ಕಾಗದದ ಮೇಲೆ ನನ್ನ ಅಕ್ಷರ ಉಂಟಾ ಅಂತ.”

ಭಾವ ತಲೆ ಎತ್ತಲಿಲ್ಲ. “ಮತ್ತೆ?” ಎಂದರು.

ಸುಮತಿ ನನ್ನ ತೋಳು ಮುಟ್ಟಿದಳು. ನಮ್ಮ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಲೋಟಗಳನ್ನು ಸದ್ದಾಗದಂತೆ ಕೆಳಗಿಟ್ಟು, ನಾವು ಎದ್ದು ರಸ್ತೆಗೆ ಬಂದೆವು.